ಮೆತ್ತಗಿದ್ದರೆ ಮುಗೀತಾ? ಇನ್‌ಸೋಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾಲಿನ ಬಗ್ಗೆಯೇ ಇವೆ. ಶೂ ಒಳಗೆ ಹಾಕುವ ಇನ್‌ಸೋಲ್ ಯಾವುದು ಒಳ್ಳೆಯದು, ಮನೆಯಲ್ಲೇ ಮಾಡಿಕೊಳ್ಳಬಹುದಾ, ನಮ್ಮ ಮಳೆಗೆ ಅದು ಉಳಿಯುತ್ತದಾ ಅಂತ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಮೊದಲ ಉತ್ತರ ಸ್ವಲ್ಪ ಉದ್ದ ಆಗಿದೆ. ಉಳಿದ ಉತ್ತರಗಳೆಲ್ಲ ಅದರ ಮೇಲೇ ನಿಂತಿವೆ, ಹಾಗಾಗಿ ದಯವಿಟ್ಟು ಅದನ್ನು ಹಾರಿಸಬೇಡಿ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ದಿನವಿಡೀ ನಿಂತೇ ಪಾಠ. ಹಿಮ್ಮಡಿ ನೋವಿಗೆ ಅಂತ ಮೆಮೊರಿ ಫೋಮ್ ಇನ್‌ಸೋಲ್ ತಂದು ಹಾಕಿದೆ. ಮೊದಲ ವಾರ ಸ್ವರ್ಗ. ಈಗ ಮತ್ತೆ ಅದೇ ನೋವು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗಲಂತೂ ಜೀವ ಹೋಗುತ್ತದೆ. ಇನ್ನೂ ಮೆತ್ತಗಿನದು ತರಬೇಕಾ?
– ಓದುಗರು, ವಿನೋಬನಗರ, ಶಿವಮೊಗ್ಗ

ಬೇಡ ಮೇಡಂ. ಇನ್ನೂ ಮೆತ್ತಗಿನದು ತಂದರೆ ಅದು ಇನ್ನೂ ಬೇಗ ಚಪ್ಪಟೆಯಾಗುತ್ತದೆ, ಅಷ್ಟೇ.

ಅಂಗಡಿಯಲ್ಲಿ ನಾವೆಲ್ಲ ಮಾಡುವುದು ಒಂದೇ ಪರೀಕ್ಷೆ. ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು. ಒಳಗೆ ಹೋದರೆ ಖುಷಿ, ಬಿಲ್ ಮಾಡಿ ಅನ್ನುತ್ತೇವೆ. ಆದರೆ ಹೆಬ್ಬೆರಳು ಹಾಕುವ ಭಾರ ಎಷ್ಟು, ಇಡೀ ಮೈ ಹಾಕುವ ಭಾರ ಎಷ್ಟು? ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ನಿಮ್ಮ ತೂಕದಷ್ಟು, ಕೆಲವು ಸಲ ಅದಕ್ಕಿಂತ ತುಸು ಜಾಸ್ತಿಯೇ ಬಲ ಪಾದದ ಮೇಲೆ ಬೀಳುತ್ತದೆ. ಓಡಿದರೆ ಎರಡು ಮೂರು ಪಟ್ಟು. ಬೆರಳಿಗೆ ಬಗ್ಗುವ ಫೋಮ್ ಹಿಮ್ಮಡಿ ಬಿದ್ದ ಕೂಡಲೇ ತಳಕ್ಕೆ ಕೂತುಬಿಡುತ್ತದೆ. ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಸೀಟಿಗೆ ಅಂತ. ಕೂತವರ ಮೈಯ ಆಕಾರಕ್ಕೆ ನಿಧಾನವಾಗಿ ಇಳಿಯುವುದು, ನಿಧಾನವಾಗಿ ಏಳುವುದು ಅದರ ಗುಣ. ಕೂರುವುದಕ್ಕೆ ಅದು ಬಹಳ ಚೆನ್ನ. ನಡಿಗೆಗೆ ಅದೇ ತೊಂದರೆ. ಒಂದು ಕಾಲು ನೆಲ ಬಿಟ್ಟು ಮತ್ತೆ ನೆಲ ಮುಟ್ಟುವುದಕ್ಕೆ ಅರ್ಧ ಸೆಕೆಂಡೂ ಬೇಕಿಲ್ಲ, ಅಷ್ಟರಲ್ಲಿ ಆ ಫೋಮ್ ಪೂರ್ತಿ ಎದ್ದಿರುವುದಿಲ್ಲ, ಹಾಗಾಗಿ ನೀವು ಹೆಜ್ಜೆ ಹೆಜ್ಜೆಗೂ ಅರ್ಧ ಚಪ್ಪಟೆಯಾದ ಫೋಮ್ ಮೇಲೇ ಕಾಲಿಡುತ್ತಿರುತ್ತೀರಿ. ಇನ್ನೊಂದು ವಿಷಯ, ಚಳಿಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಶೂ ಹಾಕಿದಾಗ ಏನೋ ಬಿಗಿ ಅನ್ನಿಸಿದರೆ ಕಾರಣ ಇದೇ.

ಈಗ ನಿಮ್ಮ ಹಿಮ್ಮಡಿಗೆ ಬರೋಣ. ಅಲ್ಲಿ ಹುಟ್ಟಿನಿಂದಲೇ ಒಂದು ಇನ್‌ಸೋಲ್ ಇದೆ. ಎಲುಬಿನ ಕೆಳಗೆ ಒಂದೂವರೆ, ಎರಡು ಸೆಂ.ಮೀ. ದಪ್ಪದ ಕೊಬ್ಬಿನ ಪದರ. ಜೇನುಹುಟ್ಟಿನ ಕೋಣೆಗಳ ಹಾಗೆ ನಾರಿನ ಸಣ್ಣ ಸಣ್ಣ ಗೋಡೆಗಳು, ಒಳಗೆ ಕೊಬ್ಬು. ಭಾರ ಬಿದ್ದಾಗ ಕೊಬ್ಬು ಪಕ್ಕಕ್ಕೆ ಸರಿಯದಂತೆ ಆ ಗೋಡೆಗಳು ಹಿಡಿದುಕೊಳ್ಳುತ್ತವೆ. ನಲವತ್ತು ದಾಟಿದ ಮೇಲೆ ಇವು ಸಡಿಲವಾಗುತ್ತಾ ಹೋಗುತ್ತವೆ. ಕೊಬ್ಬು ಅಕ್ಕಪಕ್ಕ ಹರಡುತ್ತದೆ, ಎಲುಬಿನ ಕೆಳಗೆ ತೆಳ್ಳಗಾಗುತ್ತದೆ. ಶಾಲೆಯ ಗ್ರಾನೈಟ್ ನೆಲ ನೇರವಾಗಿ ಎಲುಬಿಗೇ ತಾಗಿದ ಹಾಗೆ ಅನ್ನಿಸುವುದು ಅದಕ್ಕೇ.

ಹಾಗಾದರೆ ಇನ್‌ಸೋಲ್ ಮೊದಲು ಮಾಡಬೇಕಾದ ಕೆಲಸ ಮೆತ್ತಗಿರುವುದಲ್ಲ. ಆ ಕೊಬ್ಬು ಹರಡದಂತೆ ಸುತ್ತ ಹಿಡಿದುಕೊಳ್ಳುವುದು. ಹಿಮ್ಮಡಿಯ ಜಾಗ ಬಟ್ಟಲಿನಂತೆ ತಗ್ಗಾಗಿ, ಅಂಚು ಮೂರೂ ಕಡೆ ಒಂದು ಸೆಂ.ಮೀ. ಆದರೂ ಎದ್ದಿರಬೇಕು. ಚಪ್ಪಟೆ ಹಾಳೆಯಂಥ ಇನ್‌ಸೋಲ್ ಎಷ್ಟೇ ದುಬಾರಿ ಇರಲಿ, ಈ ಕೆಲಸ ಅದರಿಂದ ಆಗುವುದಿಲ್ಲ.

ಎರಡನೆಯ ಕೆಲಸ ಭಾರ ಹಂಚುವುದು. ಸುಲಭದ ಲೆಕ್ಕ ನೋಡಿ. 60 ಕೆ.ಜಿ. ಭಾರ 30 ಚದರ ಸೆಂ.ಮೀ. ಜಾಗದ ಮೇಲೆ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ 2 ಕೆ.ಜಿ. ಅದೇ ಭಾರವನ್ನು 40 ಚದರ ಸೆಂ.ಮೀ.ಗೆ ಹರಡಿದರೆ ಒಂದೂವರೆ ಕೆ.ಜಿ. ಫೋಮ್ ಬದಲಾಗಲಿಲ್ಲ, ದಪ್ಪ ಬದಲಾಗಲಿಲ್ಲ, ಪಾದಕ್ಕೆ ತಾಗುವ ಜಾಗ ಜಾಸ್ತಿ ಆಯಿತು, ಒತ್ತಡ ಕಾಲು ಭಾಗ ಇಳಿಯಿತು. ಒಳ್ಳೆಯ ಇನ್‌ಸೋಲ್ ಪಾದದ ಕಮಾನಿನ ಕೆಳಗಿರುವ ಖಾಲಿ ಜಾಗವನ್ನೂ ತುಂಬುವುದು ಇದಕ್ಕೇ. ತುಂಬಬೇಕು, ಎತ್ತಿ ಹಿಡಿಯಬಾರದು. ಕಮಾನಿಗೆ ಗಟ್ಟಿ ಗುಬಟಿ ಇಟ್ಟು ಮೇಲಕ್ಕೆ ನೂಕುವ ಇನ್‌ಸೋಲ್‌ಗಳು ನನಗಂತೂ ಇಷ್ಟವಿಲ್ಲ, ಎರಡು ದಿನಕ್ಕೇ ಹೊಸ ನೋವು ಶುರು.

ಮೆತ್ತಗಿನ ಪದರ ಬರುವುದು ಮೂರನೆಯದಾಗಿ. ಅದೂ ತೆಳ್ಳಗೆ, ಮೇಲುಗಡೆ. ಫೋಮ್, ರಬ್ಬರಿನ ಗಟ್ಟಿತನಕ್ಕೆ ಶೋರ್ ಎ ಅಂತ ಒಂದು ಅಳತೆ ಇದೆ, ಸೊನ್ನೆಯಿಂದ ನೂರರವರೆಗೆ. ಅಂಕಿ ಜಾಸ್ತಿಯಾದಷ್ಟೂ ಗಟ್ಟಿ. ತಳದ ಪದರ 35ರಿಂದ 50, ಮೇಲಿನದು 15ರಿಂದ 25 ಇದ್ದರೆ ನಡೆಯುವವರಿಗೆ ಸರಿಹೋಗುತ್ತದೆ. ಎಲ್ಲ ಪ್ಯಾಕೆಟ್ ಮೇಲೂ ಇದು ಬರೆದಿರುವುದಿಲ್ಲ. ಆಗ ಹೆಬ್ಬೆರಳಿನ ಪರೀಕ್ಷೆಯನ್ನೇ ಸ್ವಲ್ಪ ಬದಲಿಸಿ. ಇನ್‌ಸೋಲನ್ನು ನೆಲದ ಮೇಲಿಟ್ಟು ಹಿಮ್ಮಡಿಯಿಂದ ಒಂಟಿ ಕಾಲಲ್ಲಿ ನಿಲ್ಲಿ. ನೆಲ ತಾಗಿದ ಹಾಗಾದರೆ ಬೇಡ. ಕಾಲು ತೆಗೆದ ತಕ್ಷಣ ಗುರುತು ಮಾಯವಾಗಬೇಕು, ಗುರುತು ಹಾಗೇ ಉಳಿದರೂ ಬೇಡ.

ಬೆಳಗಿನ ಮೊದಲ ಹೆಜ್ಜೆಯ ನೋವು ಮಾತ್ರ ಬೇರೆ ಸಂಗತಿ ಇರಬಹುದು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಪ್ಲಾಂಟರ್ ಫೇಶಿಯಾ ಅನ್ನುವ ಗಟ್ಟಿ ನಾರಿನ ಪಟ್ಟಿ ಇದೆ. ಬೆರಳು ಮೇಲಕ್ಕೆ ಬಾಗಿದಾಗ ಅದು ಬಿಗಿಯಾಗಿ ಕಮಾನನ್ನು ಎತ್ತುತ್ತದೆ. ಹಿಕ್ಸ್ ಅನ್ನುವವರು 1954ರಲ್ಲೇ ಇದನ್ನು ವಿವರಿಸಿದ್ದಾರೆ. ಆ ಪಟ್ಟಿ ಹಿಮ್ಮಡಿಗೆ ಅಂಟುವ ಜಾಗದಲ್ಲಿ ಕೆರಳಿದರೆ ನೀವು ಹೇಳಿದ ಹಾಗೇ ಎದ್ದ ಕೂಡಲೇ ನೋವು, ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಸಂಜೆಗೆ ಮತ್ತೆ ಹಾಜರು. ಇದಕ್ಕೆ ಇನ್‌ಸೋಲ್ ಜೊತೆ ಮೀನಖಂಡ ಎಳೆಯುವ ವ್ಯಾಯಾಮವೂ ಬೇಕು. ಗೋಡೆಗೆ ಕೈಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ ಅರ್ಧ ನಿಮಿಷ. ದಿನಕ್ಕೆ ಕೆಲವು ಸಲ. ಅಳತೆ ಕೊಟ್ಟು ಮಾಡಿಸುವ ದುಬಾರಿ ಇನ್‌ಸೋಲೇ ಬೇಕು ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಈ ನೋವಿನಲ್ಲಿ ಒಳ್ಳೆಯ ರೆಡಿಮೇಡ್ ಇನ್‌ಸೋಲ್‌ಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಮೊದಲು ರೆಡಿಮೇಡ್ ನೋಡಿ. ಎರಡು ತಿಂಗಳಾದರೂ ಬಗ್ಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಅಡಿಕೆ ತೋಟದ ಕೆಲಸ. ಮಳೆಗಾಲ ಪೂರ್ತಿ ಗಂಬೂಟು. ಒಳಗೆ ಏನೂ ಇಲ್ಲ, ಬರೀ ರಬ್ಬರ್. ಸಂಜೆ ಅಂಗಾಲು ಉರಿ, ಹಿಮ್ಮಡಿ ಮೇಲೆ ಬೊಕ್ಕೆ. ಮನೆಯಲ್ಲೇ ಒಂದು ಇನ್‌ಸೋಲ್ ಕತ್ತರಿಸಿ ಹಾಕಬಹುದಾ? ಯಾವುದರಲ್ಲಿ?
– ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು

ಖಂಡಿತ ಮಾಡಬಹುದು. ಗಂಬೂಟಿನಷ್ಟು ಸುಲಭದ ಜಾಗ ಬೇರೆ ಇಲ್ಲ, ಒಳಗೆ ಸಾಕಷ್ಟು ಸಡಿಲ ಇರುತ್ತದೆ. ಅಸಲಿಗೆ ಬೊಕ್ಕೆ ಬರುವುದೂ ಆ ಸಡಿಲದಿಂದಲೇ. ಹೆಜ್ಜೆ ಎತ್ತಿದಾಗ ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಉಜ್ಜುತ್ತದೆ. ಆರು ಮಿ.ಮೀ. ತುಂಬಿದರೆ ಆ ಓಡಾಟವೂ ಕಡಿಮೆಯಾಗುತ್ತದೆ.

ಯಾವ ಫೋಮ್ ಅನ್ನುವುದು ನಮ್ಮ ಕಡೆ ಬಹಳ ಮುಖ್ಯ. ಫೋಮ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಗಾಳಿಗುಳ್ಳೆಗಳು ಒಂದಕ್ಕೊಂದು ತೆರೆದಿರುತ್ತವೆ, ಅದು ನೀರು ಕುಡಿಯುತ್ತದೆ. ಇನ್ನೊಂದರಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿರುತ್ತದೆ, ನೀರು ಒಳಗೆ ಹೋಗುವುದಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ಕೂರುವವರಿಗೆ ಮೊದಲನೆಯದು ಒಳ್ಳೆಯದೇ, ಬೆವರು ಎಳೆದುಕೊಳ್ಳುತ್ತದೆ. ತೋಟದಲ್ಲಿ ಅದು ಬೇಡ. ಒಂದು ಸಲ ಬೂಟಿನ ಮೇಲಿಂದ ನೀರು ನುಗ್ಗಿದರೆ ಮೂರು ದಿನ ಒಣಗುವುದಿಲ್ಲ, ನಾಲ್ಕನೆಯ ದಿನ ಬೂಷ್ಟು. ಪರೀಕ್ಷೆ ಸುಲಭ. ಒಂದು ಚೂರನ್ನು ನೀರಿನೊಳಗೆ ಹಿಂಡಿ ಬಿಡಿ. ಗುಳುಗುಳು ಗುಳ್ಳೆ ಬಂದು ಚೂರು ಭಾರವಾದರೆ ತೆರೆದ ಜಾತಿ. ತೇಲುತ್ತಾ ಹಾಗೇ ಉಳಿದರೆ ನಿಮಗೆ ಬೇಕಾದದ್ದು.

ಇ.ವಿ.ಎ. ಶೀಟ್ ಮುಚ್ಚಿದ ಗುಳ್ಳೆಯ ಜಾತಿ. ಮಕ್ಕಳು ಆಡುವ ಬಣ್ಣಬಣ್ಣದ ಜೋಡಿಸುವ ಮ್ಯಾಟ್ ಇರುತ್ತದಲ್ಲ, ಅದು ಹೆಚ್ಚಾಗಿ ಇದೇ. ಆದರೆ ಅದು ಮೆತ್ತಗೆ, ಬೇಗ ಕೂರುತ್ತದೆ. ಚಪ್ಪಲಿ ರಿಪೇರಿಯವರ ಹತ್ತಿರ ಅಟ್ಟೆಗೆ ಹಾಕುವ ಸ್ವಲ್ಪ ಗಟ್ಟಿ ಶೀಟ್ ಕೇಳಿ. ತಳಕ್ಕೆ ಅದು 3 ಅಥವಾ 4 ಮಿ.ಮೀ., ಮೇಲಕ್ಕೆ ಮೆತ್ತಗಿನದು 3 ಮಿ.ಮೀ.

ಅಳತೆಗೆ ಕಾಲು ಒದ್ದೆ ಮಾಡಿ ಮನೆಯ ಕಾವಿ ನೆಲದ ಮೇಲೆ ನಿಲ್ಲಿ. ಅಚ್ಚು ಚೆನ್ನಾಗಿ ಮೂಡುತ್ತದೆ. ನಡುವೆ ಒಳಬದಿ ಎಷ್ಟು ಖಾಲಿ ಬಿಟ್ಟಿದೆ ನೋಡಿಕೊಳ್ಳಿ, ನಿಮ್ಮ ಕಮಾನಿನ ಎತ್ತರದ ಅಂದಾಜು ಅದು. ಆಮೇಲೆ ರಟ್ಟಿನ ಮೇಲೆ ನಿಂತು ಗೆರೆ ಎಳೆಯಿರಿ. ಪೆನ್ಸಿಲ್ ನೆಟ್ಟಗಿರಲಿ, ಒಳಗೆ ವಾಲಿಸಿದರೆ ಇನ್‌ಸೋಲ್ ಸಣ್ಣದಾಗುತ್ತದೆ. ರಟ್ಟನ್ನು ಮೊದಲು ಬೂಟಿನೊಳಗೆ ಹಾಕಿ ನೋಡಿ, ಸರಿ ಬಂದ ಮೇಲೆ ಮಾತ್ರ ಶೀಟ್ ಕತ್ತರಿಸಿ. ತಳದ ಗಟ್ಟಿ ಪದರ ಹಿಮ್ಮಡಿಯಿಂದ ಬೆರಳಿನ ಬುಡದ ಹಿಂದಿನವರೆಗೆ ಸಾಕು, ಪಾದ ಮಡಚುವ ಜಾಗಕ್ಕೆ ಅದು ಬೇಡ. ಅದರ ಮುಂದಿನ ತುದಿಯನ್ನು ಬ್ಲೇಡಿನಲ್ಲಿ ಇಳಿಜಾರಾಗಿ ಹೆರೆಯಿರಿ. ಇಲ್ಲದಿದ್ದರೆ ಆ ಮೆಟ್ಟಿಲು ದಿನವಿಡೀ ಚುಚ್ಚುತ್ತದೆ. ಮೆತ್ತಗಿನ ಪದರ ಪೂರ್ತಿ ಉದ್ದಕ್ಕೂ ಇರಲಿ. ಹಿಮ್ಮಡಿಯ ಸುತ್ತ ಕುದುರೆ ಲಾಳದ ಆಕಾರದಲ್ಲಿ ಒಂದು ಪಟ್ಟಿ ಅಂಟಿಸಿದರೆ ಮೇಲೆ ಟೀಚರಿಗೆ ಹೇಳಿದ ಬಟ್ಟಲು ಸಿದ್ಧ. ಅಂಟಿಸಲು ರಬ್ಬರ್ ಸೊಲ್ಯೂಷನ್ನೇ ಹಾಕಿ. ಎರಡೂ ಕಡೆ ಬಳಿದು, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತುವವರೇ ಜಾಸ್ತಿ, ಆಮೇಲೆ ಬಿಟ್ಟುಕೊಂಡಿತು ಅಂತ ಸೊಲ್ಯೂಷನ್ನಿಗೆ ಬಯ್ಯುತ್ತಾರೆ.

ಇನ್‌ಸೋಲನ್ನು ಬೂಟಿಗೆ ಮಾತ್ರ ಅಂಟಿಸಬೇಡಿ. ದಿನಾ ಸಂಜೆ ತೆಗೆಯುವಂತಿರಬೇಕು. ಇಂಬಳಕ್ಕೆ ಇದರಿಂದ ಏನೂ ಉಪಯೋಗ ಇಲ್ಲ, ಅದಕ್ಕೆ ನಿಮ್ಮ ಸುಣ್ಣ, ಹೊಗೆಸೊಪ್ಪೇ ಗತಿ.

ಪ್ರಶ್ನೆ: ಅಡಿಕೆ ಹಾಳೆಯಲ್ಲಿ ತಟ್ಟೆ ಮಾಡುವ ಮೆಷಿನ್ ನಮ್ಮಲ್ಲಿದೆ. ಹಾಳೆಯಲ್ಲೇ ಇನ್‌ಸೋಲ್ ಒತ್ತಿ ಮಾರಬಹುದಾ?
– ಓದುಗರು, ಸಾಗರ

ಯೋಚನೆ ಚೆನ್ನಾಗಿದೆ, ಆದರೆ ಹಾಳೆ ಕುಶನ್ ಅಲ್ಲ. ಒತ್ತಿದರೆ ಕೂರುವುದೂ ಇಲ್ಲ, ಎದ್ದು ಬರುವುದೂ ಇಲ್ಲ. ಒಣಗಿದ ಹಾಳೆ ನಾರಿನ ಉದ್ದಕ್ಕೆ ಸೀಳುತ್ತದೆ, ಪಾದ ಮಡಚುವ ಜಾಗದಲ್ಲಿ ಬೇಗ ಮುರಿಯುತ್ತದೆ. ಥಂಡಿ ಹಿಡಿದರೆ ಬೂಷ್ಟು.

ಆದರೂ ಒಂದು ದಾರಿ ಕಾಣುತ್ತದೆ. ಒದ್ದೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ಆಕಾರ ಹಿಡಿದು ನಿಲ್ಲುವುದು ನಿಮಗೇ ಗೊತ್ತು, ತಟ್ಟೆ ಆಗುವುದೇ ಹಾಗೆ. ಪೇಟೆಯ ಒಳ್ಳೆಯ ಇನ್‌ಸೋಲ್‌ಗಳಲ್ಲಿ ಹಿಮ್ಮಡಿಯಿಂದ ಕಮಾನಿನವರೆಗೆ ಮಾತ್ರ ಪ್ಲಾಸ್ಟಿಕ್ಕಿನ ಗಟ್ಟಿ ಚಿಪ್ಪು ಇರುತ್ತದೆ. ಆ ಚಿಪ್ಪನ್ನು ಹಾಳೆಯಲ್ಲಿ ಒತ್ತಿ, ಮೇಲೆ ಫೋಮ್ ಅಂಟಿಸಿ ನೋಡಬಹುದು. ಮಡಚುವ ಜಾಗಕ್ಕೆ ಹಾಳೆ ಹೋಗದಿದ್ದರೆ ಮುರಿಯುವ ಭಯ ಕಡಿಮೆ. ಮನೆಯೊಳಗೆ ಹಾಕುವ ಸ್ಲಿಪ್ಪರಿನಿಂದ ಶುರು ಮಾಡಿ. ಒಂದು ಮಳೆಗಾಲ ನಿಮ್ಮ ಮನೆಯವರೇ ಹಾಕಿ ತಿರುಗಾಡಿ, ಆಮೇಲೆ ಮಾರುವ ಮಾತು.

ಪ್ರಶ್ನೆ: ಒಳ್ಳೆಯ ದುಡ್ಡು ಕೊಟ್ಟು ತಂದ ಶೂ. ಮದುವೆ ಮುಂಜಿಗೆ ಮಾತ್ರ ಹಾಕುವುದು. ಎರಡು ಮಳೆಗಾಲ ಪೆಟ್ಟಿಗೆಯಲ್ಲಿತ್ತು. ಮೊನ್ನೆ ಹಾಕಿಕೊಂಡು ಛತ್ರಕ್ಕೆ ಹೋದರೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಮೋಸದ ಮಾಲಾ?
– ಓದುಗರು, ಹೊಸನಗರ

ಮೋಸ ಅಂತ ಹೇಳಲಾಗದು. ಅದು ಪಿ.ಯು., ಅಂದರೆ ಪಾಲಿಯುರೆಥೇನ್. ಕುಶನ್ ವಿಷಯದಲ್ಲಿ ಇ.ವಿ.ಎ.ಗಿಂತ ಒಂದು ಕೈ ಮೇಲೇ, ಬೇಗ ಚಪ್ಪಟೆ ಆಗುವುದಿಲ್ಲ. ಆದರೆ ಅದರಲ್ಲಿ ಒಂದು ಜಾತಿಗೆ ಗಾಳಿಯ ತೇವವೇ ಶತ್ರು. ನೀರಿನ ಅಂಶ ಅದರ ಅಣುಗಳ ಉದ್ದುದ್ದ ಸರಪಳಿಯನ್ನು ಒಳಗಿಂದಲೇ ತುಂಡು ಮಾಡುತ್ತಾ ಹೋಗುತ್ತದೆ. ಹೊರಗೆ ಹೊಸದರಂತೇ ಕಾಣುತ್ತದೆ, ಕಾಲಿಟ್ಟ ದಿನ ಗೊತ್ತಾಗುತ್ತದೆ. ಹಾಕದೆ ಇಟ್ಟರೆ ಉಳಿಯುತ್ತದೆ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಚ್ಚಿದ ಪೆಟ್ಟಿಗೆ, ಪ್ಲಾಸ್ಟಿಕ್ ಕವರ್ ಎರಡೂ ಬೇಡ. ಗಾಳಿಯಾಡುವ ಕಡೆ ಇಡಿ, ಆಗಾಗ ಹಾಕಿ. ಈಗಿನ ಶೂಗೆ ಮೇಲಿನ ಭಾಗ ಗಟ್ಟಿ ಇದ್ದರೆ ರಬ್ಬರ್ ಅಟ್ಟೆ ಹೊಲಿಸಬಹುದು.

ಪ್ರಶ್ನೆ: ಅಪ್ಪನಿಗೆ ಹಲವು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ಜೋಮು, ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ. ಹೆಬ್ಬೆರಳ ಬುಡದಲ್ಲಿ ಆಣಿ ಇದೆ. ಆನ್‌ಲೈನಿನಲ್ಲಿ ಜೆಲ್ ಇನ್‌ಸೋಲ್ ತರಿಸಿದ್ದೇನೆ, ಹಾಕಲಾ?
– ಓದುಗರು, ಭದ್ರಾವತಿ

ತಮ್ಮಾ, ಇದೊಂದನ್ನು ಮನೆಯ ಪ್ರಯೋಗ ಮಾಡಬೇಡಿ. ನೋವು ಗೊತ್ತಾಗುವ ಕಾಲಿಗೆ ತಪ್ಪು ಇನ್‌ಸೋಲ್ ಹಾಕಿದರೆ ಕಾಲೇ ಹೇಳುತ್ತದೆ, ತೆಗೆದು ಬಿಸಾಡುತ್ತೇವೆ. ನಿಮ್ಮ ಅಪ್ಪನ ಕಾಲು ಹೇಳುವುದಿಲ್ಲ. ದಪ್ಪ ಜೆಲ್ ಹಾಕಿದಾಗ ಶೂ ಒಳಗೆ ಜಾಗ ಕಡಿಮೆಯಾಗಿ ಬೆರಳಿನ ಮೇಲೆ ಉಜ್ಜಿದರೂ ಅವರಿಗೆ ತಿಳಿಯುವುದಿಲ್ಲ. ಸಾಕ್ಸ್ ಮೇಲೆ ರಕ್ತ ಕಂಡಾಗಲೇ ಗೊತ್ತಾಗೋದು. ಆ ಆಣಿಯೂ ಸಾಮಾನ್ಯ ಆಣಿ ಅಂತ ಬಿಡಬೇಡಿ, ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿದೆ ಅನ್ನುವುದಕ್ಕೆ ಗುರುತು ಅದು. ಕೆಳಗೆ ಹುಣ್ಣು ಇರಬಹುದು. ಬ್ಲೇಡ್, ಆಣಿ ಪಟ್ಟಿ ಯಾವುದೂ ಬೇಡ.

ಇಂಥ ಕಾಲಿಗೆ ಎಂ.ಸಿ.ಆರ್. ಅನ್ನುವ ಸಣ್ಣ ಗುಳ್ಳೆಯ ರಬ್ಬರ್ ಬಳಸುತ್ತಾರೆ. ಗಟ್ಟಿತನ ಶೋರ್ ಎ 15ರ ಆಸುಪಾಸು. ಇದರ ಹಿಂದೆ ನಮ್ಮ ದೇಶದ್ದೇ ಕಥೆ ಇದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠ ರೋಗಿಗಳ ಪಾದ ನೋಡುತ್ತಿದ್ದರು. ಪಾದದ ಹುಣ್ಣಿಗೆ ರೋಗಕ್ಕಿಂತ, ನೋವು ತಿಳಿಯದೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಒತ್ತಡವೇ ಕಾರಣ ಅಂತ ತೋರಿಸಿದರು. ಅದಕ್ಕೆ ಪರಿಹಾರ ಅಂದರೆ ಮೆತ್ತಗಿನ ಒಳ ಅಟ್ಟೆ, ಅದರ ಕೆಳಗೆ ಬಗ್ಗದ ಗಟ್ಟಿ ಹೊರ ಅಟ್ಟೆ. ಸಕ್ಕರೆ ಕಾಯಿಲೆಯವರ ಚಪ್ಪಲಿಗೂ ಇದೇ ಲೆಕ್ಕ. ಅಂಗಡಿಯಲ್ಲಿ ಎಂ.ಸಿ.ಆರ್. ಅಂತ ಬರೆದದ್ದೆಲ್ಲ ಒಂದೇ ಗುಣದ್ದಲ್ಲ, ಒತ್ತಿ ನೋಡಿಯೇ ತನ್ನಿ. ಹಿಂದೆ ಪಟ್ಟಿ ಇರುವುದೇ ಆಗಬೇಕು, ಹವಾಯಿಯಂತೆ ಬೆರಳಸಂದಿಯಲ್ಲಿ ಹಿಡಿಯುವುದು ಬೇಡ.

ಮೆಗ್ಗಾನ್ ಆಸ್ಪತ್ರೆಗೋ, ನೀವು ತೋರಿಸುವ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ. ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುವ ಚಿಕ್ಕ ಪರೀಕ್ಷೆ ಇದೆ, ನಿಮಿಷಗಳ ಕೆಲಸ. ಅದಾದ ಮೇಲೆ ಆಣಿಯ ಕೆಳಗೆ ಎಲ್ಲಿ ತಗ್ಗು ಬಿಡಬೇಕು ಅಂತ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ದಿನಾ ರಾತ್ರಿ ಅಪ್ಪನ ಅಂಗಾಲು ನೀವೇ ನೋಡಿ. ಶೂ ಹಾಕುವ ಮೊದಲು ಒಳಗೆ ಕೈ ಆಡಿಸಿ, ಒಂದು ಕಲ್ಲು ಸಾಕು ಅನಾಹುತಕ್ಕೆ.

ಪ್ರಶ್ನೆ: ಕೊಡಚಾದ್ರಿ ಇಳಿಯುವಾಗ ಪ್ರತಿ ಸಲ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ದಪ್ಪ ಇನ್‌ಸೋಲ್ ಹಾಕಿದರೆ ಸರಿಹೋಗುತ್ತಾ?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಇಲ್ಲ, ಇನ್ನೂ ಕೆಡುತ್ತದೆ. ದಪ್ಪ ಇನ್‌ಸೋಲ್ ಬೆರಳಿನ ಮೇಲಿನ ಜಾಗ ತಿನ್ನುತ್ತದೆ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ತುದಿಗೆ ಗುದ್ದುತ್ತದೆ, ಅಷ್ಟೇ ಸಮಸ್ಯೆ. ಬೆರಳಿನ ಮುಂದೆ ಒಂದು ಸೆಂ.ಮೀ. ಖಾಲಿ ಇರುವ ಶೂ ತೆಗೆದುಕೊಳ್ಳಿ, ಸಂಜೆ ಹೊತ್ತಿಗೆ ಹೋಗಿ ನೋಡಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಇಳಿಯುವ ಮೊದಲು ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿ ಮಾಡಿ. ನುಣುಪು ಬಟ್ಟೆಯ ಇನ್‌ಸೋಲ್ ಇದ್ದರೆ ಒರಟು ಬಟ್ಟೆಯದಕ್ಕೆ ಬದಲಿಸಿ. ಹೊಸ ಇನ್‌ಸೋಲ್ ಹಾಕುವಾಗ ಹಳೆಯದನ್ನು ತೆಗೆದೇ ಹಾಕಬೇಕು, ಒಂದರ ಮೇಲೊಂದು ಬೇಡ. ಆಮೇಲೆ ಉಗುರು ಕತ್ತರಿಸಪ್ಪಾ.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಪಾದ ಚಪ್ಪಟೆ ಇದೆ, ಕಮಾನು ಇನ್‌ಸೋಲ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ.
– ಓದುಗರು, ಕೊಪ್ಪ

ಆ ವಯಸ್ಸಿಗೆ ಹೆಚ್ಚಿನ ಮಕ್ಕಳ ಪಾದ ಹಾಗೇ ಇರುತ್ತದೆ ಅಕ್ಕಾ. ಕಮಾನು ಬೆಳೆಯುತ್ತಾ ಬರುತ್ತದೆ. ತುದಿಗಾಲಲ್ಲಿ ನಿಂತಾಗ ಕಮಾನು ಕಂಡರೆ, ನೋವು ಇಲ್ಲದಿದ್ದರೆ, ಓಡಾಟ ಸರಿ ಇದ್ದರೆ ಏನೂ ಬೇಡ. ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ ಬಿಡಿ. ಒಂದೇ ಕಾಲು ಚಪ್ಪಟೆ ಇದ್ದರೆ, ಅಥವಾ ಪಾದ ಬಿಗಿಯಾಗಿ ಬಾಗದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮೂರ ಮಳೆಯಲ್ಲಿ ಇನ್‌ಸೋಲ್ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲ ಒಲೆಯ ಕಟ್ಟೆ ಮೇಲಿಟ್ಟರೆ ಸುರುಟಿ ಹೋಯಿತು.
– ಓದುಗರು, ಆಗುಂಬೆ

ಸುರುಟದೆ ಏನು ಮಾಡುತ್ತದೆ! ಇ.ವಿ.ಎ. ಬಿಸಿಗೆ ಕುಗ್ಗುತ್ತದೆ, ಒಲೆಯ ಹತ್ತಿರ ಇಡಲೇಬಾರದು. ಕೈಯಿಟ್ಟರೆ ಹಿತವಾದ ಬೆಚ್ಚಗೆ ಅನ್ನಿಸುವಷ್ಟು ದೂರ ಇದ್ದರೆ ಸಾಕು. ಮೊದಲು ಹಳೆಯ ಟವೆಲಿನಲ್ಲಿ ಸುತ್ತಿ ಕಾಲಿಂದ ತುಳಿಯಿರಿ, ಅರ್ಧ ನೀರು ಅಲ್ಲೇ ಹೋಗುತ್ತದೆ. ಹಿಂಡಬೇಡಿ, ಪದರ ಬಿಟ್ಟುಕೊಳ್ಳುತ್ತದೆ. ಆಮೇಲೆ ಗಾಳಿಗೆ ನೇತುಹಾಕಿ, ಕರೆಂಟ್ ಇದ್ದರೆ ಫ್ಯಾನಿನ ಕೆಳಗೆ. ಶೂ ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುಂಬಿ, ರಾತ್ರಿ ಮಲಗುವ ಮೊದಲು ಒಮ್ಮೆ ಪೇಪರ್ ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಜೊತೆ ಇನ್‌ಸೋಲ್ ಇಟ್ಟುಕೊಳ್ಳಿ, ಒಂದು ಕಾಲಲ್ಲಿ, ಒಂದು ಹಗ್ಗದ ಮೇಲೆ.